‘ಬೇರ್‌ಫುಟ್ ಇನ್ ದಿ ಪಾರ್ಕ್’: ಹೊಸ ಜೋಡಿಯ ಹಳೇ ಸಿನಿಮಾ, ಪದೇ ಪದೇ ಕೇಳುವ ಪ್ರಶ್ನೆಗಳು

ಈ ಸಿನಿಮಾ ನೋಡಿ ಅಂತ ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ನೋಡಿ ಬಂದವರು ಕೇಳುವ ಪ್ರಶ್ನೆಗಳು ಮಾತ್ರ ಹೆಚ್ಚು ಕಮ್ಮಿ ಅವೇ. ಮಾತಿನಲ್ಲಿ, ಪತ್ರದಲ್ಲಿ ಬಂದವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಮೊದಲ ಭಾಗ ಇನ್ನೂ ನೋಡದವರಿಗೆ. ಆಮೇಲಿನ ಭಾಗಗಳಲ್ಲಿ ಕಥೆಯ ಕೊನೆಯೂ ಬರುತ್ತದೆ. ಸಿನಿಮಾ ನೋಡಿದ ಮೇಲೇ ಅವನ್ನು ಓದಿ.

## ಇನ್ನೂ ನೋಡದವರಿಗೆ

ಇದು ಯಾವ ಕಾಲದ ಸಿನಿಮಾ? ಯಾರ್ಯಾರಿದ್ದಾರೆ?

1967ರ ಅಮೆರಿಕನ್ ಸಿನಿಮಾ. ಹೆಸರಿನ ಅರ್ಥ ‘ಪಾರ್ಕಿನಲ್ಲಿ ಬರಿಗಾಲಲ್ಲಿ’ ಅಂತ. ನೀಲ್ ಸೈಮನ್ ತಾವೇ ಬರೆದಿದ್ದ ನಾಟಕಕ್ಕೆ ತಾವೇ ಚಿತ್ರಕಥೆ ಮಾಡಿದರು. ಜೀನ್ ಸ್ಯಾಕ್ಸ್ ನಿರ್ದೇಶಿಸಿದರು, ಅದು ಅವರ ಮೊದಲ ಸಿನಿಮಾ. ಹೊಸ ಹೆಂಡತಿ ಕೋರಿಯಾಗಿ ಜೇನ್ ಫಾಂಡಾ, ಗಂಡ ಪಾಲ್ ಬ್ರ್ಯಾಟರ್ ಆಗಿ ರಾಬರ್ಟ್ ರೆಡ್‌ಫೋರ್ಡ್. ಕೋರಿಯ ಅಮ್ಮ ಎಥೆಲ್ ಪಾತ್ರದಲ್ಲಿ ಮಿಲ್ಡ್ರೆಡ್ ನ್ಯಾಟ್‌ವಿಕ್, ಅಟ್ಟದ ಮನೆಯ ವಿಕ್ಟರ್ ವೆಲಾಸ್ಕೊ ಪಾತ್ರದಲ್ಲಿ ಚಾರ್ಲ್ಸ್ ಬೋಯರ್. ಒಂದೂಮುಕ್ಕಾಲು ಗಂಟೆಯ ಸಿನಿಮಾ.

ಕೊನೆ ಹೇಳ್ಬೇಡಿ, ಕಥೆ ಏನು ಅಂತಷ್ಟೇ ಹೇಳಿ.

ನ್ಯೂಯಾರ್ಕಿನಲ್ಲಿ ಒಂದು ಜೋಡಿ ಮದುವೆಯಾಗುತ್ತದೆ. ಪ್ಲಾಜಾ ಹೋಟೆಲಿನಲ್ಲಿ ಆರು ದಿನ ಹನಿಮೂನ್. ಆಮೇಲೆ ಅದೇ ಊರಿನ ಗ್ರೀನ್‌ವಿಚ್ ವಿಲೇಜ್ ಬಡಾವಣೆಯ ಪುಟ್ಟ ಬಾಡಿಗೆ ಮನೆಗೆ ಬರುತ್ತಾರೆ. ಐದು ಮಹಡಿ ಹತ್ತಬೇಕು, ಲಿಫ್ಟ್ ಇಲ್ಲ. ಮನೆ ಹುಡುಕಿದವಳು ಕೋರಿ. ಅವಳಿಗೆ ಅದು ಅರಮನೆ. ಪಾಲ್ ಆಗಷ್ಟೇ ಪ್ರಾಕ್ಟೀಸ್ ಶುರು ಮಾಡಿದ ವಕೀಲ. ಒಳಗೆ ಬಂದವನ ಕಣ್ಣಿಗೆ ಬೀಳುವುದು ಚಾವಣಿಯ ಬೆಳಕಿಂಡಿಯ ಗಾಜಿನಲ್ಲಿರುವ ತೂತು. ಹೊರಗೆ ಚಳಿಗಾಲ. ಮನೆ ಬೆಚ್ಚಗೆ ಮಾಡಬೇಕಾದ ರೇಡಿಯೇಟರ್ ತಣ್ಣಗೆ ಕೂತಿದೆ. ಸಾಮಾನು ಇನ್ನೂ ಬಂದಿಲ್ಲ. ಅವಳಿಗೆ ಎಲ್ಲದರಲ್ಲೂ ಖುಷಿ, ಅವನಿಗೆ ಎಲ್ಲದರಲ್ಲೂ ಲೆಕ್ಕ. ಇಷ್ಟರ ಮೇಲೆ ಕಥೆ ನಡೆಯುತ್ತದೆ.

ಹಳೇ ಇಂಗ್ಲಿಷ್ ಸಿನಿಮಾ, ಬರೀ ಮಾತಂತೆ. ನನಗೆ ಅರ್ಥ ಆಗುತ್ತಾ?

ಮಾತು ಜಾಸ್ತಿ, ನಿಜ. ಸಬ್‌ಟೈಟಲ್ ಹಾಕಿಕೊಂಡು ನೋಡಿ, ಅದರಲ್ಲಿ ಸಂಕೋಚ ಬೇಡ. ಆದರೆ ಇದರ ಅರ್ಧ ಹಾಸ್ಯ ಮಾತಿನಲ್ಲಿಲ್ಲ. ಮೆಟ್ಟಿಲಲ್ಲಿದೆ, ಚಳಿಯಲ್ಲಿದೆ, ಮುಖದಲ್ಲಿದೆ. ಫೋನ್ ಹಾಕಲು ಬಂದ ಮನುಷ್ಯ ಗೋಡೆಗೆ ಕೈಯೂರಿ ಉಸಿರಿಗಾಗಿ ಒದ್ದಾಡುವುದನ್ನು ನೋಡಿ ನಗಲು ಯಾವ ಭಾಷೆಯೂ ಬೇಕಾಗಿಲ್ಲ.

ಮಕ್ಕಳನ್ನ ಕೂರಿಸ್ಕೊಂಡು ನೋಡಬಹುದಾ?

ನೋಡಬಹುದು. ಗಂಡ ಹೆಂಡತಿಯ ಸಲಿಗೆಯ ಮಾತು, ಮುತ್ತು ಇದೆ. ಕುಡಿತ ಇದೆ. ಅದರಾಚೆಗೆ ಮುಜುಗರ ಪಡುವಂಥದ್ದು ಏನೂ ಇಲ್ಲ. ಚಿಕ್ಕ ಮಕ್ಕಳಿಗೆ ಬೇಜಾರಾಗಬಹುದು ಅಷ್ಟೆ.

## ನೋಡಿದ ಮೇಲೆ

ಎಲ್ಲರೂ ಮೆಟ್ಟಿಲು ಹತ್ತಿ ಏದುಸಿರು ಬಿಡೋದು, ಅಷ್ಟಕ್ಕೇ ಯಾಕೆ ಇಷ್ಟು ನಗು ಬರುತ್ತೆ?

ಪ್ರತಿಯೊಬ್ಬರೂ ಬೇರೆ ಥರ ಏದುಸಿರು ಬಿಡುತ್ತಾರೆ. ಗುಟ್ಟು ಅದರಲ್ಲಿದೆ.

ಫೋನ್‌ನವನು ಬಂದವನೇ ಮನೆ ನೋಡುವುದಿಲ್ಲ, ಕೂರಲು ಜಾಗ ಹುಡುಕುತ್ತಾನೆ. ಪಾರ್ಸೆಲ್ ತಂದ ಮುದುಕನಿಗೆ ಮಾತೇ ಹೊರಡುವುದಿಲ್ಲ, ಕೈಸನ್ನೆಯಲ್ಲೇ ಮುಗಿಸಿ ಹೊರಡುತ್ತಾನೆ. ಅಮ್ಮ ಎಥೆಲ್ ಬಂದಾಗ ಉಸಿರು ನಿಂತೇಹೋದಂತಿದೆ, ಆದರೂ ಮಗಳ ಮನೆ ಬಹಳ ಚೆನ್ನಾಗಿದೆ ಅಂತ ಹೇಳಲೇಬೇಕಲ್ಲ? ಆ ಒಂದು ಹೊಗಳಿಕೆಯನ್ನು ಅವರು ತುಂಡು ತುಂಡಾಗಿ, ಉಸಿರಿನ ನಡುವೆ ನುಗ್ಗಿಸಿ ಹೇಳುತ್ತಾರೆ. ಕೋರಿ ಮಾತ್ರ ಸರಾಗವಾಗಿ ಓಡಾಡುತ್ತಾಳೆ. ಯಾರು ಹೇಗೆ ಮೆಟ್ಟಿಲು ಹತ್ತಿದರು ಅನ್ನುವುದರಲ್ಲೇ ಅವರ ವಯಸ್ಸು, ಸ್ವಭಾವ, ಆ ಮನೆಯ ಮೇಲಿನ ಅಭಿಪ್ರಾಯ ಎಲ್ಲ ಬಂದುಬಿಡುತ್ತದೆ. ಬಾಯಿಬಿಟ್ಟು ವಿವರಿಸುವ ಕೆಲಸವೇ ಇಲ್ಲ.

ಇನ್ನೊಂದು, ಬೀದಿಯಿಂದ ಮುಂಬಾಗಿಲಿಗೆ ಏರುವ ಜಗಲಿ ಮೆಟ್ಟಿಲನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಅನ್ನುವ ವಾದ. ಅದು ಮತ್ತೆ ಮತ್ತೆ ಬರುತ್ತದೆ. ಮೊದಲ ಸಲ ಸಣ್ಣ ನಗು. ಮೂರನೇ ಸಲಕ್ಕೆ ಅದು ನಮ್ಮ ಮನೆಯವರೇ ಆಡುವ ಮಾತಿನ ಹಾಗೆ ಆಗಿರುತ್ತದೆ.

ಚಳಿಯಲ್ಲಿ ಬರಿಗಾಲಲ್ಲಿ ನಡೀಲಿಲ್ಲ ಅಂತ ಯಾರಾದರೂ ಡೈವೋರ್ಸ್ ಕೇಳ್ತಾರಾ?

ಅವಳು ಕೇಳುವುದು ಬರಿಗಾಲಿನ ವಿಷಯಕ್ಕಲ್ಲ. ಆ ರಾತ್ರಿಯನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡಿ.

ವೆಲಾಸ್ಕೊ ಎಲ್ಲರನ್ನೂ ಹಡಗು ಹತ್ತಿಸಿ ಸ್ಟೇಟನ್ ಐಲೆಂಡಿನ ಅಲ್ಬೇನಿಯನ್ ಹೋಟೆಲಿಗೆ ಕರೆದೊಯ್ಯುತ್ತಾನೆ. ಕೋರಿ ಕುಣಿಯುತ್ತಾಳೆ, ಹೊಸ ಊಟ, ಹೊಸ ಹಾಡು. ಪಾಲ್ ಕೋಟು ಟೈ ಹಾಕಿಕೊಂಡು ಮುಗಿದರೆ ಸಾಕು ಅಂತ ಕೂತಿದ್ದಾನೆ. ಮನೆಗೆ ಬಂದಾಗ ಅವಳು ಇನ್ನೂ ಹಾಡಿನಲ್ಲೇ ಇದ್ದಾಳೆ, ಅವನು ಸುಸ್ತಾಗಿದ್ದಾನೆ. ಆಗ ಅವಳಿಗೆ ಹಳೆಯ ದೂರು ನೆನಪಾಗುತ್ತದೆ: ವಾಷಿಂಗ್ಟನ್ ಸ್ಕ್ವೇರ್ ಪಾರ್ಕಿನಲ್ಲಿ ನನ್ನ ಜೊತೆ ಬರಿಗಾಲಲ್ಲಿ ನಡೆಯಲಿಲ್ಲ. ಅವನ ಉತ್ತರ ವಕೀಲನ ಉತ್ತರ: ಆವತ್ತು 17 ಡಿಗ್ರಿ ಇತ್ತು. ಅಮೆರಿಕದ ಲೆಕ್ಕ, ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ ಸೊನ್ನೆಗಿಂತ ಎಂಟು ಡಿಗ್ರಿ ಕೆಳಗೆ.

ಅವನು ಹೇಳಿದ್ದು ನೂರಕ್ಕೆ ನೂರು ಸರಿ. ಆ ‘ಸರಿ’ಯೇ ಅವಳನ್ನು ಕೆರಳಿಸುವುದು. ನಾನು ಕರೆದಾಗ ನೀನು ಥರ್ಮಾಮೀಟರ್ ನೋಡಿದೆ ಅನ್ನುವುದು ಅವಳ ದೂರು. ಮದುವೆಯಾಗಿ ಎರಡು ವಾರ ಆಗಿರಬಹುದು ಅಷ್ಟೆ, ಇವನು ಜೀವನವಿಡೀ ಹೀಗೇ ಇದ್ದುಬಿಟ್ಟರೆ ಅಂತ ಅವಳಿಗೆ ಹೆದರಿಕೆ ಹುಟ್ಟಿದೆ. ಡೈವೋರ್ಸ್ ಅನ್ನುವ ಮಾತು ಆ ಹೆದರಿಕೆಯಿಂದ ಬರುತ್ತದೆ.

ಹಾಗಾದ್ರೆ ತಪ್ಪು ಯಾರದ್ದು? ನೇರವಾಗಿ ಹೇಳಿ.

ಯಾರದ್ದೂ ಅಲ್ಲ. ತಪ್ಪಿಸಿಕೊಳ್ಳಲು ಹೇಳುತ್ತಿಲ್ಲ, ಈ ಸಿನಿಮಾದ ಚೆಲುವೇ ಇದು ಅಂತ ನನ್ನ ನಂಬಿಕೆ. ಬೆಳಿಗ್ಗೆ ಕೋರ್ಟಿಗೆ ಹೋಗಬೇಕಾದವನಿಗೆ ರಾತ್ರಿ ನಿದ್ದೆ ಬೇಕು, ನ್ಯಾಯ. ಹೊಸದಾಗಿ ಮದುವೆಯಾದವಳಿಗೆ ಗಂಡ ತನ್ನ ಕಡೆ ನೋಡಬೇಕು ಅನ್ನಿಸುತ್ತದೆ, ಅದೂ ನ್ಯಾಯ. ಎರಡು ನ್ಯಾಯವೂ ಒಂದೇ ಪುಟ್ಟ ಕೋಣೆಯಲ್ಲಿ, ಒಂದೇ ಚಳಿಯಲ್ಲಿ ಇರಬೇಕು.

ಕೆಟ್ಟ ಹಾಸ್ಯ ಸಿನಿಮಾಗಳಲ್ಲಿ ಒಬ್ಬರನ್ನು ಪೆದ್ದರನ್ನಾಗಿ ಮಾಡಿ ಇನ್ನೊಬ್ಬರನ್ನು ಗೆಲ್ಲಿಸುತ್ತಾರೆ. ಇಲ್ಲಿ ಹಾಗಿಲ್ಲ. ಮೊದಲ ಸಲ ನೋಡುವಾಗ ನಾನು ಪೂರ್ತಿ ಕೋರಿಯ ಪಕ್ಷ. ಕೆಲವು ವರ್ಷ ಬಿಟ್ಟು ನೋಡಿದಾಗ ಪಾಲ್‌ನ ಸುಸ್ತು ನನ್ನ ಮೈಗೇ ತಟ್ಟಿತು. ಈಗ ನೋಡಿದರೆ ಇಬ್ಬರ ಮೇಲೂ ಮರುಕ.

ಇಷ್ಟು ಬೇರೆ ಬೇರೆ ಇದ್ದವರು ಮದುವೆ ಯಾಕಾದ್ರು? ಮೊದಲೇ ಗೊತ್ತಿರಲಿಲ್ವಾ?

ಗೊತ್ತಿತ್ತು. ಬೇರೆ ಇದ್ದಾರೆ ಅಂತಲೇ ಮೆಚ್ಚಿಕೊಂಡರು. ಪ್ಲಾಜಾ ಹೋಟೆಲಿನ ಆರು ದಿನ ನೋಡಿ. ಅಲ್ಲಿ ಅವಳ ತುಂಟಾಟವೆಲ್ಲ ಅವನಿಗೆ ಇಷ್ಟ, ಅವನ ನಾಚಿಕೆಯೆಲ್ಲ ಅವಳಿಗೆ ಇಷ್ಟ. ಹೋಟೆಲಿನಲ್ಲಿ ಬೇರೆಯವರು ಹಾಸಿಗೆ ಹಾಸುತ್ತಾರೆ, ಕೋಣೆ ಬೆಚ್ಚಗಿರುತ್ತದೆ. ಅದೇ ಸ್ವಭಾವ ಐದನೇ ಮಹಡಿಗೆ ಬಂದಾಗ ಭಾರವಾಗುತ್ತದೆ. ಮನುಷ್ಯರು ಬದಲಾಗಲಿಲ್ಲ, ಕೋಣೆ ಬದಲಾಯಿತು.

ಅಮ್ಮನ ಪಾತ್ರ ಸುಮ್ನೆ ನಗಿಸೋಕೆ ಇದೆ ಅಂದ್ಕೊಂಡಿದ್ದೆ. ನೀವು ಯಾಕೆ ಅಷ್ಟು ಹೊಗಳ್ತೀರಿ?

ಸಿನಿಮಾದ ಜೀವ ಇರುವುದೇ ಅವರಲ್ಲಿ. ನ್ಯಾಟ್‌ವಿಕ್ ಇದೇ ಪಾತ್ರವನ್ನು ರಂಗದ ಮೇಲೂ ಮಾಡಿದವರು. ಸಿನಿಮಾಕ್ಕೆ ಅವರಿಗೆ ಪೋಷಕ ನಟಿ ವಿಭಾಗದಲ್ಲಿ ಆಸ್ಕರ್ ನಾಮನಿರ್ದೇಶನ ಸಿಕ್ಕಿತು.

ಎಥೆಲ್ ನ್ಯೂಜೆರ್ಸಿಯಲ್ಲಿ ಒಬ್ಬರೇ ಇರುತ್ತಾರೆ. ಬೆನ್ನುನೋವಿಗೆ ಹಲಗೆಯ ಮೇಲೆ ಮಲಗುತ್ತಾರೆ, ಹೊಟ್ಟೆಗೆ ಮಾತ್ರೆ ನುಂಗುತ್ತಾರೆ. ಮಗಳಿಗೆ ಬೇಜಾರಾಗಬಾರದು ಅಂತ ಪ್ರತಿ ಮಾತನ್ನೂ ಅಳೆದು ಆಡುತ್ತಾರೆ. ಮಗಳು ತನಗೆ ಹೇಳದೆ ವೆಲಾಸ್ಕೊನ ಜೊತೆ ಊಟಕ್ಕೆ ಕೂರಿಸಿದಾಗ ಅವರ ಮುಖ ಗಮನಿಸಿ. ಗಾಬರಿ ಇದೆ, ಸಿಟ್ಟಿಲ್ಲ. ಬಾಯಿಗೆ ಎಸೆದುಕೊಳ್ಳಬೇಕಾದ ಅದೇನೋ ವಿಚಿತ್ರ ತಿಂಡಿಯನ್ನೂ ಮರ್ಯಾದೆಗೆ ತಿನ್ನಲು ನೋಡುತ್ತಾರೆ.

ಕೊನೆಗೆ ಅತ್ತು ಕೂತ ಮಗಳಿಗೆ ಬುದ್ಧಿ ಹೇಳುವುದೂ ಅವರೇ. ನಿನ್ನದನ್ನು ಒಂಚೂರು ಬಿಟ್ಟುಕೊಡು, ಅವನೇ ಮುಖ್ಯ ಅಂತ ಅವನಿಗೆ ಅನ್ನಿಸುವ ಹಾಗೆ ನೋಡಿಕೋ ಅನ್ನುತ್ತಾರೆ. ಆ ಮಾತು ಕೇಳಿ ಹಲವರಿಗೆ ಸಿಟ್ಟು ಬರುತ್ತದೆ, ಬರಲಿ. ಆದರೆ ಹೇಳುವಾಗ ಅವರು ಮೈಮೇಲೆ ಹಾಕಿಕೊಂಡಿರುವುದು ವೆಲಾಸ್ಕೊನ ನಿಲುವಂಗಿ. ಹಿಂದಿನ ರಾತ್ರಿ ಮಂಜಿನಲ್ಲಿ ಜಾರಿ, ಅವನ ಮನೆಯಲ್ಲಿ ಉಳಿದು, ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಹಲಗೆಯಿಲ್ಲದೆ ನಿದ್ದೆ ಮಾಡಿ ಎದ್ದವರು. ಒಂಚೂರು ಬಿಟ್ಟುಕೊಟ್ಟರೆ ಏನಾಗುತ್ತದೆ ಅಂತ ಅವರಿಗೆ ಆ ದಿನವಷ್ಟೇ ಗೊತ್ತಾಗಿದೆ.

ವೆಲಾಸ್ಕೊ ಇದ್ದಾನಲ್ಲ, ಅವನನ್ನ ಕಂಡ್ರೆ ನನಗೆ ಅನುಮಾನ. ಅವನು ಒಳ್ಳೆಯವನಾ?

ಒಳ್ಳೆಯವನು, ಬಡಾಯಿಗಾರ. ಬಾಡಿಗೆ ಕಟ್ಟದೆ ಬಾಗಿಲಿಗೆ ಬೀಗ ಬಿದ್ದಿದೆ. ಅದಕ್ಕೇ ಇವರ ಮಲಗುವ ಕೋಣೆಯ ಕಿಟಕಿಯಿಂದ ಹೊರಬಿದ್ದು ಅಟ್ಟಕ್ಕೆ ಹತ್ತುತ್ತಾನೆ. ಹೊಸ ಜೋಡಿಯ ಮಲಗುವ ಕೋಣೆ ಅವನಿಗೆ ದಾರಿ! ಬೋಯರ್ 1930, 40ರ ದಶಕಗಳಲ್ಲಿ ಹಾಲಿವುಡ್‌ನ ಪ್ರೇಮಿ ಪಾತ್ರಗಳಿಗೆ ಹೆಸರಾದ ಫ್ರೆಂಚ್ ನಟ. ಇಲ್ಲಿ ಅವರಿಗೆ ಅರವತ್ತೇಳು. ಆ ಹಳೆಯ ಪ್ರೇಮಿ ಈಗ ಬಾಡಿಗೆ ತಪ್ಪಿಸಿಕೊಂಡು ಕಿಟಕಿ ಹಾರುವುದನ್ನು ನೋಡುವುದೇ ಒಂದು ಸೊಗಸು.

ಕೊನೆಗೆ ಪಾಲ್ ಕುಡಿದು ಪಾರ್ಕಿನಲ್ಲಿ ಬರಿಗಾಲಲ್ಲಿ ಓಡ್ತಾನೆ. ಅಂದ್ರೆ ಅವನೇ ಸೋತ ಹಾಗಲ್ವಾ?

ಹಾಗೆ ಕಾಣುತ್ತದೆ, ಆದರೆ ಕೋರಿಯನ್ನು ನೋಡಿ. ಅವನು ಅವಳು ಬಯಸಿದ ಹಾಗೇ ಆದ ಕೂಡಲೇ ಅವಳಿಗೆ ಜೀವ ಹೋದಂತಾಗುತ್ತದೆ. ಜ್ವರ ಬಂದ ಗಂಡ, ಕಾಲಲ್ಲಿ ಬೂಟಿಲ್ಲ. ನಿನಗೇನಾದರೂ ಆದರೆ ಅಂತ ಹಿಂದೆ ಓಡುವವಳು ಈಗ ಅವಳು. ಪಾತ್ರ ಅದಲು ಬದಲಾಗಿದೆ. ತನಗೆ ಬೇಕಾಗಿದ್ದು ಆ ಎಚ್ಚರದ, ಲೆಕ್ಕದ, ಟೈ ಕಟ್ಟಿದ ಪಾಲ್‌ನೇ ಅಂತ ಅವಳಿಗೆ ಆಗ ತಿಳಿಯುತ್ತದೆ.

ಆಮೇಲೆ ಅವನು ಮಾಳಿಗೆಯ ಅಂಚಿಗೆ ಹತ್ತುತ್ತಾನೆ. ಅಲ್ಲಿ ನಶೆ ಇಳಿದು, ಕೆಳಗೆ ನೋಡಿ ಕಾಲು ನಡುಗುತ್ತದೆ. ಅವಳು ಅವನನ್ನು ಹಿಡಿಯಲು ಹತ್ತುತ್ತಾಳೆ. ಸೋಲು ಗೆಲುವು ಅಲ್ಲಿ ಯಾರಿಗೂ ನೆನಪಿಲ್ಲ. ಆ ದೃಶ್ಯ ಸ್ವಲ್ಪ ಉದ್ದವಾಯಿತು ಅನ್ನುವುದು ಮಾತ್ರ ನನ್ನ ದೂರು. ಪಾರ್ಕಿನ ಬೆಂಚಿನ ಹತ್ತಿರವೇ ಮನಸ್ಸು ತುಂಬಿಬಿಟ್ಟಿತ್ತು.

ನಿಮಗೆ ತುಂಬಾ ಇಷ್ಟವಾದ ದೃಶ್ಯ ಒಂದೇ ಒಂದು ಹೇಳಿ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತ ಗಾದೆ ಇದೆ. ಇಲ್ಲಿ ಉಂಡೂ ಆಗಿದೆ, ಮಲಗುವುದೇ ಬಾಕಿ. ಮಲಗುವ ಕೋಣೆಯ ಬಾಗಿಲು ಹಾಕಿದೆ. ಪಾಲ್ ಹೊರಗೆ ಸೋಫಾದ ಮೇಲೆ. ಕಂಬಳಿ ಸಾಲದು. ಮಗ್ಗುಲು ಬದಲಿಸುತ್ತಾನೆ, ಮುದುರಿಕೊಳ್ಳುತ್ತಾನೆ. ಆಗ ಬೆಳಕಿಂಡಿಯ ತೂತಿನಿಂದ ಮೆಲ್ಲಗೆ ಹಿಮ ಬೀಳಲು ಶುರುವಾಗುತ್ತದೆ, ಸರಿಯಾಗಿ ಅವನ ಮೇಲೆ. ಮೊದಲ ದಿನವೇ ಅವನು ಬೆರಳು ತೋರಿಸಿ ಹೇಳಿದ್ದ ತೂತು ಅದು. ತಾನು ಹೇಳಿದ್ದೇ ಸರಿಯಾಯಿತು, ಆದರೆ ಆ ಸರಿ ಅವನ ಮೈಮೇಲೇ ಬಿತ್ತು. ಒಂದು ಮಾತಿಲ್ಲ. ನಗು ಬರುತ್ತದೆ, ಹೊಟ್ಟೆಯೊಳಗೆ ಚುರ್ ಅನ್ನುತ್ತದೆ.

## ಇನ್ನಷ್ಟು ಆಳಕ್ಕೆ ಹೋಗುವವರಿಗೆ

ಮೊದಲು ನಾಟಕ ಅಂದ್ರಿ. ಅದು ಎಷ್ಟು ಓಡ್ತು?

ನ್ಯೂಯಾರ್ಕಿನ ದೊಡ್ಡ ನಾಟಕರಂಗ ಬ್ರಾಡ್‌ವೇ. ಅಲ್ಲಿನ ಬಿಲ್ಟ್‌ಮೋರ್ ಥಿಯೇಟರಿನಲ್ಲಿ 1963ರ ಅಕ್ಟೋಬರ್ 23ರಂದು ಶುರುವಾಗಿ 1967ರ ಜೂನ್ ತನಕ ನಡೆಯಿತು. ಒಟ್ಟು 1,530 ಪ್ರದರ್ಶನ. ಸಿನಿಮಾ ತೆರೆಕಂಡಿದ್ದು 1967ರ ಮೇ ತಿಂಗಳಲ್ಲಿ. ಅಂದರೆ ಕೆಲವು ವಾರ ಅದೇ ಊರಿನಲ್ಲಿ ಸಿನಿಮಾ, ನಾಟಕ ಎರಡೂ ಇದ್ದವು!

ನಾಟಕವನ್ನು ನಿರ್ದೇಶಿಸಿದವರು ಮೈಕ್ ನಿಕಲ್ಸ್. ಬ್ರಾಡ್‌ವೇಯಲ್ಲಿ ಅದೇ ಅವರ ಮೊದಲ ನಿರ್ದೇಶನ, ಅದಕ್ಕೇ ರಂಗಭೂಮಿಯ ಟೋನಿ ಪ್ರಶಸ್ತಿ ಬಂತು. ರೆಡ್‌ಫೋರ್ಡ್ ರಂಗದ ಮೇಲೂ ಪಾಲ್ ಆಗಿದ್ದರು. ಕೋರಿಯಾಗಿ ಇದ್ದವರು ಎಲಿಜಬೆತ್ ಆಶ್ಲಿ. ಫೋನ್‌ನವನಾಗಿ ಹರ್ಬ್ ಎಡೆಲ್‌ಮನ್ ಎರಡರಲ್ಲೂ ಇದ್ದಾರೆ. ಸಿನಿಮಾದಲ್ಲಿ ಆ ಏದುಸಿರು ಅಷ್ಟು ಪಳಗಿದ ಹಾಗೆ ಯಾಕಿದೆ ಅಂತ ಈಗ ಗೊತ್ತಾಯಿತಲ್ಲ?

ಇದು ನೀಲ್ ಸೈಮನ್ ಅವರದೇ ಕಥೆಯಾ?

ಬೇರು ಅವರ ಬದುಕಿನದೇ. ಅವರು 1953ರಲ್ಲಿ ಜೋನ್ ಬೇಮ್ ಅವರನ್ನು ಮದುವೆಯಾದರು. ಗ್ರೀನ್‌ವಿಚ್ ವಿಲೇಜ್‌ನಲ್ಲಿ ಮೆಟ್ಟಿಲು ಹತ್ತಿ ಹೋಗಬೇಕಾದ ಮೇಲ್ಮಹಡಿಯ ಪುಟ್ಟ ಮನೆಯಲ್ಲಿ ಸಂಸಾರ ಶುರು ಮಾಡಿದರು. ಹತ್ತು ವರ್ಷದ ಮೇಲೆ ಆ ದಿನಗಳು ನಾಟಕವಾದವು. ಈ ಹತ್ತು ವರ್ಷದ ದೂರ ಮುಖ್ಯ ಅನ್ನಿಸುತ್ತದೆ ನನಗೆ. ಆ ಜಗಳದ ಮಧ್ಯೆ ಕೂತು ಬರೆದಿದ್ದರೆ ಒಂದು ಪಕ್ಷ ಹಿಡಿದುಬಿಡುತ್ತಿದ್ದರು. ಜೋನ್ 1973ರಲ್ಲಿ ತೀರಿಕೊಂಡರು, ಸೈಮನ್ 2018ರಲ್ಲಿ. ಇದು ತಿಳಿದ ಮೇಲೆ ಕೋರಿಯ ಉತ್ಸಾಹ ನೋಡುವಾಗ ನನ್ನ ಗಂಟಲು ಕಟ್ಟುತ್ತದೆ.

ನಾಟಕ ಸಿನಿಮಾ ಆದಾಗ ಏನು ಸಿಕ್ತು, ಏನು ಹೋಯ್ತು?

ನಾಟಕ ಪೂರ್ತಿ ಒಂದೇ ಕೋಣೆಯಲ್ಲಿ ನಡೆಯುತ್ತದೆ. ಮೆಟ್ಟಿಲು ಕಾಣುವುದೇ ಇಲ್ಲ. ಬಾಗಿಲಾಚೆ ಹೆಜ್ಜೆ, ಆಮೇಲೆ ಉಸಿರು, ಆಮೇಲೆ ಮನುಷ್ಯ. ಐದು ಮಹಡಿಯನ್ನು ಪ್ರೇಕ್ಷಕರೇ ಮನಸ್ಸಿನಲ್ಲಿ ಕಟ್ಟಿಕೊಳ್ಳುತ್ತಾರೆ. ಸಿನಿಮಾದಲ್ಲಿ ಕ್ಯಾಮೆರಾ ಮೆಟ್ಟಿಲು ಹತ್ತಬಹುದು, ಹತ್ತುತ್ತದೆ ಕೂಡ. ಅಲ್ಲಿ ಆ ಹಾಸ್ಯ ಸ್ವಲ್ಪ ತೆಳುವಾಯಿತು.

ಸಿಕ್ಕಿದ್ದು ಊರು. ಕುದುರೆಗಾಡಿಯಲ್ಲಿ ಪ್ಲಾಜಾಕ್ಕೆ ಹೋಗುವ ಶುರುವಿನ ಸವಾರಿ, ಸ್ಟೇಟನ್ ಐಲೆಂಡಿನ ದೋಣಿ, ಚಳಿಗಾಲದ ವಾಷಿಂಗ್ಟನ್ ಸ್ಕ್ವೇರ್. ಹೆಸರಲ್ಲಿರುವ ಪಾರ್ಕನ್ನು ನಾಟಕದಲ್ಲಿ ಮಾತಿನಲ್ಲಷ್ಟೇ ಕೇಳುತ್ತೇವೆ, ಸಿನಿಮಾದಲ್ಲಿ ಪಾಲ್‌ನ ಬರಿಗಾಲು ಕಣ್ಣಿಗೆ ಕಾಣುತ್ತದೆ. ನನಗೆ ಈ ಲಾಭ ನಷ್ಟಕ್ಕಿಂತ ದೊಡ್ಡದು.

ಕೋರಿಗೆ ಮನೆ ಬಿಟ್ಟರೆ ಕೆಲಸವೇ ಇಲ್ಲ. ಇವತ್ತು ನೋಡೋಕೆ ಕಷ್ಟ ಆಗಲ್ವಾ?

ಆಗುತ್ತದೆ, ಅದನ್ನು ಮುಚ್ಚಿಡುವುದು ಬೇಡ. ಪಾಲ್‌ಗೆ ಕೋರ್ಟಿದೆ, ಕಡತಗಳಿವೆ. ಕೋರಿಗೆ ಗಂಡ ಬರುವ ತನಕ ಕಾಯುವ ದಿನಗಳು ಮಾತ್ರ ಇವೆ. ಬುದ್ಧಿ ಹೇಳಿಸಿಕೊಳ್ಳುವವಳೂ ಅವಳೊಬ್ಬಳೇ, ಪಾಲ್‌ಗೆ ಯಾರೂ ಏನೂ ಹೇಳುವುದಿಲ್ಲ. ಇದು ಆ ಕಾಲದ ಕೊರತೆ.

ಆದರೆ ಫಾಂಡಾ ಅವಳನ್ನು ಬೊಂಬೆ ಮಾಡಿಲ್ಲ. ಆ ಹಠದಲ್ಲಿ, ಆ ಅತಿ ಉತ್ಸಾಹದಲ್ಲಿ ಒಂದು ಚಡಪಡಿಕೆ ಇದೆ. ಇಷ್ಟು ಶಕ್ತಿ ಇರುವವಳಿಗೆ ಸುರಿಯಲು ಇರುವುದು ಒಂದು ಪುಟ್ಟ ಮನೆ, ಒಬ್ಬ ಗಂಡ. ಅದು ಸಾಲುತ್ತಿಲ್ಲ ಅಂತ ಸಿನಿಮಾ ಬಾಯಿಬಿಟ್ಟು ಹೇಳುವುದಿಲ್ಲ, ಫಾಂಡಾ ಅವರ ಕಣ್ಣಲ್ಲಿ ಕಾಣುತ್ತದೆ.

ರೆಡ್‌ಫೋರ್ಡ್, ಫಾಂಡಾ ಜೋಡಿ ಬೇರೆ ಸಿನಿಮಾದಲ್ಲಿ ಇದೆಯಾ?

ಇದೆ. ಇದಕ್ಕೂ ಮುಂಚೆ 1966ರ ‘ದಿ ಚೇಸ್’, ಆಮೇಲೆ 1979ರ ‘ದಿ ಎಲೆಕ್ಟ್ರಿಕ್ ಹಾರ್ಸ್‌ಮನ್’, ಕೊನೆಗೆ 2017ರ ‘ಅವರ್ ಸೋಲ್ಸ್ ಅಟ್ ನೈಟ್’. ಕೊನೆಯದರಲ್ಲಿ ಇಬ್ಬರೂ ಒಂಟಿಯಾದ ಮುದಿ ನೆರೆಹೊರೆಯವರು. ರಾತ್ರಿ ಮಾತಾಡಿಕೊಂಡು ಮಲಗಲು ಜೊತೆ ಬೇಕು ಅಂತ ಒಬ್ಬರ ಮನೆಗೆ ಇನ್ನೊಬ್ಬರು ಬರುತ್ತಾರೆ. ರೆಡ್‌ಫೋರ್ಡ್ 2025ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ‘ಬೇರ್‌ಫುಟ್’ ಮತ್ತು ಆ ಕೊನೆಯ ಸಿನಿಮಾ, ಎರಡನ್ನೂ ಒಂದರ ಹಿಂದೆ ಒಂದು ನೋಡಿ. ನಡುವೆ ಐವತ್ತು ವರ್ಷ.

ಇದೇ ಕಥೆ ಮತ್ತೆ ಯಾರಾದರೂ ಮಾಡಿದ್ದಾರಾ?

1970ರಲ್ಲಿ ಎಬಿಸಿ ಚಾನೆಲ್ ಟಿವಿ ಧಾರಾವಾಹಿ ಮಾಡಿತು. ಮುಖ್ಯ ಪಾತ್ರಗಳಲ್ಲಿ ಕಪ್ಪು ಜನಾಂಗದ ನಟರಿದ್ದರು, ಆ ಕಾಲಕ್ಕೆ ಅಪರೂಪ. ಬಹಳ ದಿನ ನಡೆಯಲಿಲ್ಲ. 2006ರಲ್ಲಿ ಬ್ರಾಡ್‌ವೇಯಲ್ಲಿ ಅಮಾಂಡಾ ಪೀಟ್, ಪ್ಯಾಟ್ರಿಕ್ ವಿಲ್ಸನ್ ಜೋಡಿಯಾಗಿ ಮತ್ತೆ ಬಂತು, 109 ಪ್ರದರ್ಶನಕ್ಕೆ ನಿಂತಿತು.

ನಾವು ಗೆಳೆಯರು ಇಂಥದ್ದೊಂದು ನಾಟಕ ಆಡ್ಬೇಕು ಅಂತಿದ್ದೀವಿ. ಎಲ್ಲಿ ಎಡವುತ್ತೀವಿ?

ಪಾಲ್‌ನನ್ನು ಸಪ್ಪೆ ಮಾಡುವಲ್ಲಿ. ಹೊಸಬರು ಅವನನ್ನು ಬೋರಿಂಗ್ ಗಂಡ ಅಂತ ಆಡಿಬಿಡುತ್ತಾರೆ, ಆಗ ಕೋರಿ ಯಾಕೆ ಪ್ರೀತಿಸಿದಳು ಅನ್ನುವುದೇ ತಿಳಿಯುವುದಿಲ್ಲ. ರೆಡ್‌ಫೋರ್ಡ್ ಅವನಿಗೆ ಒಣ ಹಾಸ್ಯ ಕೊಟ್ಟಿದ್ದಾರೆ. ಅವನ ದೂರುಗಳು ಕೋರಿಯ ಕುಣಿತದಷ್ಟೇ ನಗಿಸಬೇಕು. ಹಾಗೆಯೇ ಕೋರಿ ಯಾವಾಗಲೂ ಕಿರುಚುತ್ತಿದ್ದರೆ ಕೇಳುವವರಿಗೆ ತಲೆನೋವು. ಅವಳಿಗೂ ಸುಮ್ಮನೆ ನಿಲ್ಲುವ ಎರಡು ಗಳಿಗೆ ಬೇಕು.

ಇನ್ನು ಉಸಿರು. ಅದನ್ನು ನಟಿಸಬೇಡಿ. ತಾಲೀಮಿನಲ್ಲಿ ಒಂದು ದಿನ ಎಲ್ಲರೂ ನಿಜವಾಗಿ ಐದು ಮಹಡಿ ಹತ್ತಿ, ಬಂದ ಹಾಗೇ ಬಾಗಿಲು ತೆರೆದು ತಮ್ಮ ಮೊದಲ ಮಾತು ಹೇಳಲಿ. ಯಾವ ಪದದ ಮೇಲೆ ಉಸಿರು ಕಟ್ಟುತ್ತದೆ ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ಅಮ್ಮನ ಪಾತ್ರದವರು ಕೈಯಲ್ಲಿ ಒಂದು ಭಾರದ ಚೀಲ ಹಿಡಿದು ಹತ್ತಲಿ.